ಫೋನ್ ಜೋಡಣೆಯಾಗಿದೆ, ಕರೆ ಮಾತ್ರ ನಡೆಯುತ್ತಿಲ್ಲ: ಕಾರಿನ ಹ್ಯಾಂಡ್ಸ್‌ಫ್ರೀ ದೋಷ ನಿವಾರಣೆ

ಕಾರಿನ ಪರದೆಯ ಮೇಲೆ ಫೋನಿನ ಹೆಸರು ಮೂಡಿರುತ್ತದೆ, ಬ್ಲೂಟೂತ್ ಗುರುತು ಕಾಣಿಸುತ್ತಿರುತ್ತದೆ, ಹಾಡೂ ಬರುತ್ತಿರುತ್ತದೆ. ಆದರೆ ಕರೆ ಬಂದಾಗ ಮಾತು ಫೋನಿನಲ್ಲೇ ಉಳಿಯುತ್ತದೆ, ಇಲ್ಲವೇ ಆ ಕಡೆಯವರಿಗೆ ನಮ್ಮ ದನಿ ಕೇಳಿಸುವುದೇ ಇಲ್ಲ. ಬಂಧುಗಳು ಮತ್ತು ನೆರೆಯವರು ಕಾರಿನ ಫೋನ್ ಜೋಡಣೆಯ ಬಗ್ಗೆ ನನ್ನಲ್ಲಿಗೆ ತರುವ ದೂರುಗಳಲ್ಲಿ ಹೆಚ್ಚಿನವು ಈ ಬಗೆಯವು. ಇಂಥ ಹೊತ್ತಿನಲ್ಲಿ ಚಾಲಕರು ಮಾಡುವ ಮೊದಲ ಕೆಲಸವೆಂದರೆ ಫೋನನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿಯುವುದು, ಮತ್ತು ಅಪಾಯ ಇರುವುದು ಅಲ್ಲೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ವಾಹನ ಓಡಿಸುತ್ತ ಕೈಯಲ್ಲಿ ಹಿಡಿಯುವ ಸಂವಹನ ಸಾಧನವನ್ನು ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲದ ತಪ್ಪಿಗೇ 1,000ದಿಂದ 5,000 ರೂಪಾಯಿವರೆಗಿನ ದಂಡವನ್ನೋ 6 ತಿಂಗಳಿಂದ 1 ವರ್ಷದವರೆಗಿನ ಸೆರೆವಾಸವನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. ದಂಡಕ್ಕಿಂತ ದೊಡ್ಡದು ತಿರುವಿನಲ್ಲಿ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದಿರುವವರ ಜೀವ. ಆದ್ದರಿಂದ ಈ ದೋಷವನ್ನು ಚಿಕ್ಕ ತೊಂದರೆ ಎಂದು ಮುಂದೂಡದೆ, ಒಂದು ಬಿಡುವಿನ ಬೆಳಿಗ್ಗೆ ಕಾರನ್ನು ನಿಲ್ಲಿಸಿಕೊಂಡು ಸರಿಪಡಿಸಿಕೊಳ್ಳಬೇಕೆಂಬುದು ನನ್ನ ಕಳಕಳಿಯ ಮಾತು.

ಕೆಳಗೆ ಹೇಳಿರುವ ಪರೀಕ್ಷೆಗಳನ್ನೆಲ್ಲ ಕಾರು ನಿಂತಿರುವಾಗಲೇ ಮಾಡಬೇಕು. ಅನೇಕ ಕಾರುಗಳು ಚಲಿಸುತ್ತಿರುವಾಗ ಹೊಸ ಫೋನ್ ಸೇರಿಸಲು ಬಿಡುವುದೇ ಇಲ್ಲ, ಅದು ದೋಷವಲ್ಲ. ಎಂಜಿನ್ ಆರಿಸಿ ಪರದೆಯನ್ನು ಮಾತ್ರ ಬಹಳ ಹೊತ್ತು ಉರಿಸಿದರೆ ಬ್ಯಾಟರಿ ಇಳಿಯುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಕೂರುವುದು ಪ್ರಾಣಕ್ಕೇ ಅಪಾಯ. ಬಯಲಿನಲ್ಲಿ, ನೆರಳಿರುವ ಕಡೆ ನಿಲ್ಲಿಸಿಕೊಳ್ಳಿ.

ಒಂದು ಜೋಡಣೆಯೊಳಗೆ ನಾಲ್ಕು

ದೋಷ ಹುಡುಕುವವರು ಮೊದಲು ತಿಳಿದಿರಬೇಕಾದದ್ದು ಇಷ್ಟು: ಪರದೆಯ ಮೇಲೆ 'ಕನೆಕ್ಟೆಡ್' ಎಂದು ಒಂದೇ ಮಾತು ಕಂಡರೂ, ಅದರ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕೆಲಸ ಮಾಡುವ ಹಲವು ಸಂಪರ್ಕಗಳಿವೆ. ಕರೆಯ ಮಾತನ್ನು ಎರಡೂ ದಿಕ್ಕಿಗೆ ಒಯ್ಯುವುದು ಎಚ್‌ಎಫ್‌ಪಿ ಎಂಬ ವ್ಯವಸ್ಥೆ. ಹಾಡನ್ನು ಫೋನಿನಿಂದ ಕಾರಿನ ಸ್ಪೀಕರಿಗೆ ಒಂದೇ ದಿಕ್ಕಿನಲ್ಲಿ ಕಳಿಸುವುದು ಎಟುಡಿಪಿ. ಸ್ಟೀರಿಂಗ್ ಮೇಲಿನ ಗುಂಡಿಯಿಂದ ಮುಂದಿನ ಹಾಡಿಗೆ ಹೋಗಲು ಎವಿಆರ್‌ಸಿಪಿ ಬೇಕು. ಫೋನಿನಲ್ಲಿರುವ ಹೆಸರು ಮತ್ತು ನಂಬರುಗಳನ್ನು ಕಾರಿಗೆ ತಲುಪಿಸುವುದು ಪಿಬಿಎಪಿ. ಈ ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ಆದರೆ ಹಾಡು ಚೆನ್ನಾಗಿ ಬರುತ್ತಿದೆ ಎಂಬುದರಿಂದ ಕರೆಯ ಸಂಪರ್ಕವೂ ಸರಿಯಿದೆ ಎಂದು ತೀರ್ಮಾನಿಸಬಾರದು ಎಂಬುದನ್ನು ಮಾತ್ರ ಮರೆಯಬಾರದು. ನಾಲ್ಕರಲ್ಲಿ ಯಾವುದು ಕಡಿದಿದೆ ಎಂದು ಗೊತ್ತುಮಾಡಿಕೊಳ್ಳದೆ ಎಲ್ಲವನ್ನೂ ಅಳಿಸಿ ಮತ್ತೆ ಜೋಡಿಸುವ ಅಭ್ಯಾಸದಿಂದ ಕೆಲವೊಮ್ಮೆ ತೊಂದರೆ ಹೋಗುತ್ತದೆ, ಆದರೆ ಏಕೆ ಹೋಯಿತು ಎಂದು ತಿಳಿಯದ ಕಾರಣ ಮುಂದಿನ ವಾರ ಅದೇ ತೊಂದರೆ ಮತ್ತೆ ಎದುರಾಗುತ್ತದೆ.

ಆದ್ದರಿಂದ ಯಾವುದನ್ನೂ ಅಳಿಸುವ ಮುನ್ನ ಹೀಗೆ ನೋಡಿ. ಫೋನಿನಲ್ಲಿ ಒಂದು ಹಾಡು ಹಾಕಿ, ಅದು ಕಾರಿನ ಸ್ಪೀಕರಿನಲ್ಲಿ ಬರುತ್ತದೆಯೇ ಗಮನಿಸಿ. ಕಾರಿನ ಪರದೆಯಲ್ಲಿ ಹೆಸರುಗಳ ಪಟ್ಟಿ ತೆರೆಯುತ್ತದೆಯೇ ನೋಡಿ. ಮನೆಯವರೊಬ್ಬರಿಗೆ ಕಾರಿನ ಪರದೆಯಿಂದಲೇ ಕರೆ ಮಾಡಿ, ಅವರ ದನಿ ನಿಮಗೆ ಎಲ್ಲಿಂದ ಕೇಳಿಸುತ್ತದೆ, ನಿಮ್ಮ ದನಿ ಅವರಿಗೆ ಹೇಗೆ ಕೇಳಿಸುತ್ತದೆ ಎಂದು ವಿಚಾರಿಸಿ. ಕೊನೆಗೆ ಅವರಿಂದಲೇ ನಿಮಗೊಂದು ಕರೆ ಮಾಡಿಸಿ. ಮಾಮೂಲಿ ಕರೆಯಲ್ಲಿ ಎಲ್ಲವೂ ಸರಿಯಿದ್ದು ವಾಟ್ಸ್‌ಆ್ಯಪ್ ಕರೆಯಲ್ಲಿ ಮಾತ್ರ ತೊಂದರೆಯಿದ್ದರೆ, ದೋಷ ಕಾರಿನದ್ದಲ್ಲ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದೀಚೆಗೆ ಬ್ಲೂಟೂತ್ ಸಾಧನ ಬಳಸುವ ಆ್ಯಪ್‌ಗೆ ಹತ್ತಿರದ ಸಾಧನಗಳ ಅನುಮತಿಯನ್ನು ಬೇರೆಯಾಗಿಯೇ ಕೊಡಬೇಕಾಗುತ್ತದೆ. ಅದನ್ನು ನಿರಾಕರಿಸಿದ್ದರೆ ಆ್ಯಪ್‌ನ ಅನುಮತಿಗಳ ಪುಟಕ್ಕೆ ಹೋಗಿ ಕೊಟ್ಟುಬಿಡಿ.

ಜೋಡಣೆಯೇ ಆಗದಿದ್ದಾಗ

ಕಾರು ಫೋನನ್ನು ಹುಡುಕುತ್ತಲೇ ಇರುತ್ತದೆ, ಫೋನ್ ಕಾಣಿಸುವುದಿಲ್ಲ. ಇದಕ್ಕೆ ಸಾಮಾನ್ಯ ಕಾರಣ, ಬ್ಲೂಟೂತ್ ಚಾಲೂ ಇದ್ದರೂ ಫೋನಿನಲ್ಲಿ ಬ್ಲೂಟೂತ್ ಸೆಟ್ಟಿಂಗ್ಸ್ ಪುಟ ತೆರೆದಿಲ್ಲದಿರುವುದು. ಆ ಪುಟ ತೆರೆದಿರುವಷ್ಟು ಹೊತ್ತು ಮಾತ್ರ ಫೋನು ಹೊಸ ಸಾಧನಗಳ ಕಣ್ಣಿಗೆ ಬೀಳುತ್ತದೆ. ಎರಡನೆಯ ಕಾರಣ ಕಾರಿನ ನೆನಪಿನ ಮಿತಿ. ಕಾರಿನ ಸಿಸ್ಟಮ್ ಕೆಲವೇ ಫೋನುಗಳನ್ನು ನೆನಪಿಡಬಲ್ಲದು. ಹಿಂದಿನ ಮಾಲೀಕರ, ಚಾಲಕರ, ಮಕ್ಕಳ ಹಳೆಯ ಫೋನುಗಳಿಂದ ಪಟ್ಟಿ ತುಂಬಿದ್ದರೆ ಹೊಸದಕ್ಕೆ ಜಾಗವಿರುವುದಿಲ್ಲ, ಮತ್ತು ಎಷ್ಟೋ ಪರದೆಗಳು ಆ ಕಾರಣವನ್ನು ಹೇಳದೆ 'ಫೇಲ್' ಎಂದಷ್ಟೇ ತೋರಿಸುತ್ತವೆ. ಬೇಡವಾದವನ್ನು ಅಳಿಸಿ.

ಜೋಡಣೆಯಾಗಿ ಎರಡು ಮೂರು ಸೆಕೆಂಡಿನಲ್ಲೇ ಕಡಿದುಹೋಗುತ್ತಿದ್ದರೆ ಕಾರಣ ಬೇರೆ. ಮೊದಲ ಸಲ ಜೋಡಿಸುವಾಗ ಕಾರು ಮತ್ತು ಫೋನು ತಮ್ಮೊಳಗೆ ಒಂದು ಗುಪ್ತ ಕೀಲಿಯನ್ನು ಹಂಚಿಕೊಂಡು, ಎರಡೂ ಕಡೆ ಬಚ್ಚಿಟ್ಟುಕೊಳ್ಳುತ್ತವೆ. ಫೋನ್ ಬದಲಿಸಿದಾಗ, ಫೋನಿನ ಸಾಫ್ಟ್‌ವೇರ್ ಹೊಸದಾದಾಗ ಅಥವಾ ಒಂದೇ ಕಡೆಯಿಂದ ಜೋಡಣೆ ಅಳಿಸಿದಾಗ, ಒಬ್ಬರ ಬಳಿ ಹಳೆಯ ಕೀಲಿ ಉಳಿದು ಇನ್ನೊಬ್ಬರ ಬಳಿ ಇಲ್ಲದಂತಾಗುತ್ತದೆ. ಆಗ ಎಷ್ಟು ಸಲ ಪ್ರಯತ್ನಿಸಿದರೂ ಬಾಗಿಲು ತೆರೆಯುವುದಿಲ್ಲ. ಇದಕ್ಕೆ ಒಂದೇ ಪರಿಹಾರ: ಫೋನಿನ ಪಟ್ಟಿಯಿಂದ ಕಾರನ್ನೂ, ಕಾರಿನ ಪಟ್ಟಿಯಿಂದ ಫೋನನ್ನೂ ಅಳಿಸಿ, ಎರಡನ್ನೂ ಒಮ್ಮೆ ಆರಿಸಿ ಹೊತ್ತಿಸಿ, ಮೊದಲಿನಿಂದ ಜೋಡಿಸುವುದು. ಒಂದೇ ಕಡೆ ಅಳಿಸಿ 'ಮಾಡಿ ನೋಡಿದೆ, ಆಗಲಿಲ್ಲ' ಎನ್ನುವವರು ಬಹಳ ಮಂದಿ.

ಹೊಸದಾಗಿ ಜೋಡಿಸುವಾಗ ಎರಡೂ ಪರದೆಗಳಲ್ಲಿ ಆರು ಅಂಕಿಗಳ ಒಂದೇ ಸಂಖ್ಯೆ ಮೂಡುತ್ತದೆ. ಅದು ಒಂದೇ ಆಗಿದೆಯೇ ಎಂದು ನೋಡಿಕೊಂಡು ಎರಡೂ ಕಡೆ ಒಪ್ಪಬೇಕು. 2007ರಲ್ಲಿ ಬಂದ ಬ್ಲೂಟೂತ್ 2.1ಕ್ಕಿಂತ ಹಿಂದಿನ ಸಾಧನಗಳು ಸಂಖ್ಯೆಯನ್ನು ಕೈಯಿಂದ ಹಾಕಿಸಿಕೊಳ್ಳುತ್ತವೆ, ಸಾಮಾನ್ಯವಾಗಿ 0000 ಅಥವಾ 1234. ಇದರ ಬೆನ್ನಿಗೇ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ಹೆಸರುಗಳನ್ನೂ ಕರೆಗಳ ದಾಖಲೆಯನ್ನೂ ಈ ಸಾಧನಕ್ಕೆ ಕೊಡಬಹುದೇ? ಅವಸರದಲ್ಲಿ ಬೇಡವೆಂದು ಒತ್ತಿದವರ ಕಾರಿನಲ್ಲಿ ಹೆಸರಿನ ಪಟ್ಟಿ ಖಾಲಿಯಾಗಿಯೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಜೋಡಣೆಯಾದ ಕಾರಿನ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ, ಐಫೋನಿನಲ್ಲಿ ವೃತ್ತದೊಳಗಿನ 'ಐ' ಅಕ್ಷರವನ್ನು ಒತ್ತಿದರೆ, ಈ ಅನುಮತಿಯನ್ನು ನಂತರವೂ ಕೊಡಬಹುದು.

ಹಾಡು ಬರುತ್ತದೆ, ಕರೆ ಬರುವುದಿಲ್ಲ

ಆಂಡ್ರಾಯ್ಡ್‌ನ ಅದೇ ಪುಟದಲ್ಲಿ ಫೋನ್ ಕರೆ ಮತ್ತು ಮಾಧ್ಯಮದ ಆಡಿಯೊ ಎಂಬ ಎರಡು ಸ್ವಿಚ್‌ಗಳಿರುತ್ತವೆ. ಮೊದಲನೆಯದು ಆಫ್ ಆಗಿದ್ದರೆ ಹಾಡು ಮಾತ್ರ ಬರುತ್ತದೆ. ಅದು ಆನ್ ಇದ್ದೂ ಕರೆಯ ದನಿ ಕಾರಿಗೆ ಬಾರದಿದ್ದರೆ, ಕರೆ ನಡೆಯುತ್ತಿರುವಾಗ ಫೋನಿನ ಕರೆಯ ಪುಟದಲ್ಲಿ ಸ್ಪೀಕರ್ ಗುರುತನ್ನು ಒತ್ತಿ ನೋಡಿ. ಅಲ್ಲಿ ಕಾರಿನ ಜೊತೆಗೆ ಸ್ಮಾರ್ಟ್‌ವಾಚಿನ ಹೆಸರೋ ಇಯರ್‌ಬಡ್ಸ್ ಹೆಸರೋ ಇರಬಹುದು. ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚದೆ ಚೀಲದೊಳಗೆ ಎಚ್ಚರವಾಗಿಯೇ ಇರುವ ಇಯರ್‌ಬಡ್ಸ್ ಕರೆಯನ್ನು ಕಸಿದುಕೊಂಡು, ಚಾಲಕರಿಗೆ ಬರೀ ಮೌನ ಕೇಳಿಸಿದ ಸಂದರ್ಭಗಳನ್ನು ನಾನೇ ಕಂಡಿದ್ದೇನೆ. ಒಂದೇ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರ ಫೋನೂ ಇದ್ದಾಗ, ಪರದೆಯಲ್ಲಿ ಒಬ್ಬರ ಹೆಸರು ಕಂಡರೂ ಕರೆಯ ಸಂಪರ್ಕ ಇನ್ನೊಬ್ಬರ ಫೋನಿಗೆ ಹೋಗಿರುವುದೂ ಉಂಟು. ಕಾರಿನ ಸೆಟ್ಟಿಂಗ್ಸ್‌ನಲ್ಲಿ ಮೊದಲ ಆದ್ಯತೆ ಯಾವ ಫೋನಿಗೆ ಎಂದು ಗೊತ್ತುಮಾಡುವ ಸೌಲಭ್ಯವಿದ್ದರೆ ಬಳಸಿಕೊಳ್ಳಿ.

ನಮ್ಮಲ್ಲಿ ಎರಡು ಸಿಮ್ ಇರುವ ಫೋನುಗಳೇ ಹೆಚ್ಚಾಗಿರುವುದರಿಂದ ಹುಟ್ಟುವ ಒಂದು ತೊಡಕನ್ನು ಇಲ್ಲಿ ವಿವರವಾಗಿ ಹೇಳಬೇಕು. ಕಾರಿನ ಪರದೆಯಲ್ಲಿ ಹೆಸರು ಒತ್ತುತ್ತೀರಿ, ಕರೆ ಹೋಗುತ್ತಿದೆ ಎಂಬಂತೆ ಕಾಣುತ್ತದೆ, ಕೆಲವು ಕ್ಷಣದಲ್ಲಿ ತಾನಾಗಿ ನಿಂತುಹೋಗುತ್ತದೆ. ಒಳಗೆ ಬರುವ ಕರೆಗಳಲ್ಲಿ ಮಾತ್ರ ಯಾವ ತೊಂದರೆಯೂ ಇಲ್ಲ. ಆಗ ಫೋನನ್ನು ತೆಗೆದು ನೋಡಿದರೆ, ಯಾವ ಸಿಮ್‌ನಿಂದ ಕರೆ ಮಾಡಲಿ ಎಂಬ ಪ್ರಶ್ನೆ ಅದರ ಪರದೆಯ ಮೇಲೆ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ಪ್ರತಿ ಸಲವೂ ಕೇಳು ಎಂದು ಗೊತ್ತುಮಾಡಿರುವುದೇ ಇದಕ್ಕೆ ಕಾರಣ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಕರೆಗಳಿಗೆ ಒಂದು ಸಿಮ್ ನಿಗದಿಮಾಡಿದರೆ ಮುಗಿಯಿತು. ಇದನ್ನು ಬ್ಲೂಟೂತ್ ದೋಷವೆಂದು ತಿಳಿದು ಸಿಸ್ಟಮ್ ಬಿಚ್ಚಿಸುವವರೆಗೂ ಹೋದವರಿದ್ದಾರೆ.

ಇನ್ನೊಂದು ಸಣ್ಣ ವಿಷಯ, ಆದರೆ ಪದೇಪದೇ ಎದುರಾಗುವುದು. ಕಾರಿನ ಸಿಸ್ಟಮ್ ಹಾಡಿನ ವಾಲ್ಯೂಮನ್ನೂ ಕರೆಯ ವಾಲ್ಯೂಮನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ಹಿಂದಿನ ಕರೆಯಲ್ಲಿ ಯಾರೋ ಪೂರ್ತಿ ತಗ್ಗಿಸಿದ್ದರೆ, ಹಾಡು ಕೇಳುವಾಗ ಎಷ್ಟು ಏರಿಸಿದರೂ ಮುಂದಿನ ಕರೆಯಲ್ಲಿ ಏನೂ ಕೇಳಿಸುವುದಿಲ್ಲ. ಕರೆ ನಡೆಯುತ್ತಿರುವಾಗಲೇ ಗುಂಡಿ ತಿರುಗಿಸಿ ಏರಿಸಬೇಕು.

ಆ ಕಡೆಯವರಿಗೆ ನಮ್ಮ ದನಿ ಕೇಳಿಸದಿದ್ದಾಗ

ಇದು ಈ ಎಲ್ಲ ದೋಷಗಳಲ್ಲಿ ಹೆಚ್ಚು ತಾಳ್ಮೆ ಬೇಡುವಂಥದ್ದು, ಏಕೆಂದರೆ ತೊಂದರೆ ಇರುವುದು ನಮ್ಮ ಕಾರಿನಲ್ಲಿ, ಅದು ಕೇಳಿಸುವುದು ಬೇರೊಬ್ಬರ ಕಿವಿಗೆ. ಹಾಸನದಲ್ಲಿರುವ ನಮ್ಮ ಭಾವನವರು ತಮ್ಮ ಹಳೆಯ ಕಾರಿಗೆ ಅಂಗಡಿಯೊಂದರಲ್ಲಿ ಹೊಸ ಟಚ್‌ಸ್ಕ್ರೀನ್ ಹಾಕಿಸಿದ್ದರು. ಅಂದಿನಿಂದ ಅವರು ಕಾರಿನಿಂದ ಮಾತಾಡಿದಾಗಲೆಲ್ಲ ನಾನು, "ಭಾವ, ನಿಮ್ಮ ಮಾತು ಬಾವಿಯೊಳಗಿಂದ ಬಂದ ಹಾಗಿದೆ, ಗಾಡಿ ನಿಲ್ಲಿಸಿ ಆಮೇಲೆ ಮಾಡಿ" ಎನ್ನುವಂತಾಗಿತ್ತು. ಅವರು ಫೋನ್ ಬದಲಿಸಿದರು, ಸಿಮ್ ಬದಲಿಸಿದರು, ಏನೂ ಆಗಲಿಲ್ಲ. ಹಬ್ಬಕ್ಕೆ ಹೋದಾಗ ನಾನು ಕಾರಿನೊಳಗೆ ಕೂತು, ಅಕ್ಕನನ್ನು ಮನೆಯೊಳಗೆ ಇನ್ನೊಂದು ಫೋನ್ ಹಿಡಿದು ಕೂರಿಸಿ, ಕರೆ ಮಾಡಿದೆ. ಮಾತಾಡುವ ಬದಲು ಬೆರಳಿನ ಗಂಟಿನಿಂದ ಒಂದೊಂದೇ ಜಾಗವನ್ನು ಮೆಲ್ಲಗೆ ತಟ್ಟುತ್ತ ಹೋದೆ: ಮೇಲಿನ ದೀಪದ ಬಳಿ, ಸ್ಟೀರಿಂಗ್ ಹಿಂದೆ, ಪರದೆಯ ಅಂಚಿನಲ್ಲಿ. ಅಕ್ಕ ಏನೂ ಕೇಳಿಸುತ್ತಿಲ್ಲ ಎನ್ನುತ್ತಲೇ ಇದ್ದಳು. ಎಡಗಡೆಯ ಗ್ಲೋವ್ ಬಾಕ್ಸ್ ಮೇಲೆ ತಟ್ಟಿದಾಗ, "ಈಗ ಕಿವಿಗೆ ಹೊಡೆದ ಹಾಗಾಯಿತು" ಎಂದಳು. ಗ್ಲೋವ್ ಬಾಕ್ಸ್ ಕಳಚಿ ನೋಡಿದರೆ, ಹೊಸ ಸಿಸ್ಟಮ್ ಜೊತೆ ಬಂದಿದ್ದ ಮೈಕು, ಕಡಲೆಕಾಳಿನಷ್ಟು ದಪ್ಪದ್ದು, ತನ್ನ ತಂತಿಯೊಂದಿಗೇ ಸುರುಳಿಯಾಗಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಸಿಕೊಂಡು ಎಸಿ ಕೊಳವೆಯ ಮೇಲೆ ಮಲಗಿತ್ತು. ಅಳವಡಿಸಿದವರು ಅದನ್ನು ಹೊರಗೆ ತರುವ ಶ್ರಮವನ್ನೇ ತೆಗೆದುಕೊಂಡಿರಲಿಲ್ಲ. ಪಟ್ಟಿ ಕತ್ತರಿಸಿ, ತಂತಿಯನ್ನು ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಎಳೆದು, ಮೈಕನ್ನು ಸ್ಟೀರಿಂಗ್ ಕಂಬದ ಮೇಲೆ ಭಾವನವರ ಮುಖಕ್ಕೆ ಎದುರಾಗಿ ಕೂರಿಸಿದೆವು. ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ತಂತಿ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲವೆಂದು ನೋಡಿಕೊಂಡ ಮೇಲೆಯೇ ಮೈಕಿನ ಅಂಟು ಒತ್ತಿದ್ದು.

ಈ ಬೆರಳಿನ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಕಂಪನಿಯಿಂದಲೇ ಬಂದ ಸಿಸ್ಟಮ್‌ಗಳಲ್ಲಿ ಮೈಕು ಹೆಚ್ಚಾಗಿ ಮೇಲ್ಛಾವಣಿಯ ದೀಪದ ಬಳಿ ಸಣ್ಣ ಜಾಲರಿಯ ಹಿಂದೆ ಇರುತ್ತದೆ. ಸನ್‌ಗ್ಲಾಸ್ ಸಿಕ್ಕಿಸುವ ಕ್ಲಿಪ್, ಅಲಂಕಾರದ ಸ್ಟಿಕ್ಕರ್ ಅಥವಾ ಧೂಳು ಆ ಜಾಲರಿಯನ್ನು ಮುಚ್ಚಿಲ್ಲವೆಂದು ನೋಡಿಕೊಳ್ಳಿ. ಎಲ್ಲಿ ತಟ್ಟಿದರೂ ಆ ಕಡೆ ಏನೂ ಕೇಳಿಸದಿದ್ದರೆ ಮೈಕು ಕೆಟ್ಟಿರಬಹುದು, ಇಲ್ಲವೇ ಅದರ ಪಿನ್ ಸಿಸ್ಟಮ್ ಹಿಂಭಾಗದಿಂದ ಕಳಚಿರಬಹುದು. ಹೊರಗಿನಿಂದ ಹಾಕಿಸಿದ ಸಿಸ್ಟಮ್‌ಗಳಿಗೆ ಬೇರೆ ಮೈಕು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಊರೂರಿನ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲೂ ಸಿಗುತ್ತದೆ. ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಒಯ್ದು ಪಿನ್ನಿನ ಅಳತೆ ಹೋಲಿಸಿ ನೋಡಿ.

ದನಿ ಕೇಳಿಸುತ್ತದೆ, ಆದರೆ ಭೋರೆಂಬ ಸದ್ದಿನ ನಡುವೆ ಎಂದಾದರೆ ಎಸಿಯ ಗಾಳಿ ಮೈಕಿನ ಮೇಲೆ ಬೀಳುತ್ತಿದೆಯೇ ನೋಡಿ, ಗಾಳಿಯ ರೆಕ್ಕೆಗಳನ್ನು ಬೇರೆಡೆ ತಿರುಗಿಸಿ. ಆ ಕಡೆಯವರಿಗೆ ತಮ್ಮ ಮಾತೇ ಮರಳಿ ಕೇಳಿಸುತ್ತಿದ್ದರೆ, ಆ ದೋಷವೂ ನಮ್ಮ ಕಾರಿನದ್ದೇ. ಅವರ ದನಿ ನಮ್ಮ ಸ್ಪೀಕರಿನಿಂದ ಹೊರಟು ನಮ್ಮ ಮೈಕಿಗೆ ಹೊಕ್ಕು ಹಿಂತಿರುಗುತ್ತಿರುತ್ತದೆ. ಸಿಸ್ಟಮ್ ಒಳಗಿನ ಪ್ರತಿಧ್ವನಿ ತಡೆಯುವ ಏರ್ಪಾಡು ಒಂದು ಮಟ್ಟದವರೆಗೆ ಅದನ್ನು ಅಳಿಸುತ್ತದೆ, ವಾಲ್ಯೂಮ್ ಅತಿಯಾದಾಗ ಸೋಲುತ್ತದೆ. ಕರೆಯ ವಾಲ್ಯೂಮನ್ನು ಕೊಂಚ ಇಳಿಸಿ, ಮೈಕನ್ನು ಬಾಗಿಲ ಸ್ಪೀಕರಿನಿಂದ ದೂರವಿಡಿ.

ಹಾಡು ಇಂಪಾಗಿ ಕೇಳಿಸುತ್ತದೆ, ಕರೆಯ ದನಿ ಮಂಕಾಗಿದೆ ಎಂಬುದು ಮಾತ್ರ ದೋಷವಾಗಿರಬೇಕಿಲ್ಲ. ಹಳೆಯ ಬಗೆಯ ಹ್ಯಾಂಡ್ಸ್‌ಫ್ರೀ ಸಂಪರ್ಕ ದನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆದು ಕಳಿಸುತ್ತದೆ. ಹೊಸದು 16,000 ಸಲ ಅಳೆಯುತ್ತದೆ, ಆದರೆ ಅದಕ್ಕೆ ಕಾರು ಮತ್ತು ಫೋನು ಎರಡೂ ಸಿದ್ಧವಿರಬೇಕು.

ಕೇಬಲ್ ಹಾಕಿ ಬಳಸುವವರಿಗೆ

ಫೋನಿನ ಮ್ಯಾಪು, ಹಾಡು, ಕರೆಗಳನ್ನು ಕಾರಿನ ಪರದೆಯ ಮೇಲೆ ತೋರಿಸುವ ಆಂಡ್ರಾಯ್ಡ್ ಆಟೊ (ಆಂಡ್ರಾಯ್ಡ್ ಫೋನಿಗೆ) ಮತ್ತು ಕಾರ್‌ಪ್ಲೇ (ಐಫೋನಿಗೆ) ವಿಷಯದಲ್ಲಿ ಮೊದಲ ಅನುಮಾನ ಕೇಬಲ್ ಮೇಲಿರಬೇಕು. ಚಾರ್ಜ್ ಆಗುತ್ತಿದೆ ಎಂದರೆ ಕೇಬಲ್ ಸರಿಯಿದೆ ಎಂದಲ್ಲ. ಅಗ್ಗದ ಎಷ್ಟೋ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇದ್ದು, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಅದೇ ಕೇಬಲ್‌ನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿದಾಗ ಫೋಟೊಗಳು ಕಾಣಿಸದಿದ್ದರೆ ಬೇರೆ ಕೇಬಲ್ ತನ್ನಿ. ಒಂದು ಮೀಟರ್ ಮೀರದ, ಗಟ್ಟಿಯಾದ ಕೇಬಲ್ ಇರಲಿ. ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ಕಿಂಡಿಗಳಿದ್ದರೆ ಎಲ್ಲವೂ ಪರದೆಗೆ ಸೇರಿರುವುದಿಲ್ಲ, ಹಿಂದಿನ ಸೀಟಿನವು ಸಾಮಾನ್ಯವಾಗಿ ಚಾರ್ಜಿಂಗ್‌ಗಷ್ಟೇ. ಫೋನಿನ ಕಿಂಡಿಯಲ್ಲಿ ಜೇಬಿನ ನೂಲಿನ ಎಳೆಗಳು ಒತ್ತಾಗಿ ಕೂತು, ಕೇಬಲ್ ಪೂರ್ತಿ ಒಳಗೆ ಹೋಗದೆ, ರಸ್ತೆಯ ಗುಂಡಿಯಲ್ಲಿ ಕಾರು ಕುಲುಕಿದಾಗಲೆಲ್ಲ ಪರದೆ ಆರುವುದುಂಟು. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಹೊರತೆಗೆಯಿರಿ, ಪಿನ್ನು ಸೂಜಿ ಬಳಸಬೇಡಿ.

ಐಫೋನಿನಲ್ಲಿ ಸಿರಿ (ಮಾತು ಕೇಳಿ ಕೆಲಸ ಮಾಡುವ ಸಹಾಯಕ) ಚಾಲೂ ಇಲ್ಲದಿದ್ದರೆ ಕಾರ್‌ಪ್ಲೇ ನಡೆಯುವುದಿಲ್ಲ. ಸ್ಕ್ರೀನ್ ಟೈಮ್ ನಿರ್ಬಂಧಗಳಲ್ಲೂ ಅದನ್ನು ತಡೆದಿರಬಹುದು, ಅಲ್ಲಿಯೂ ನೋಡಿ. ಆಂಡ್ರಾಯ್ಡ್ 10ರಿಂದ ಆಂಡ್ರಾಯ್ಡ್ ಆಟೊ ಫೋನಿನೊಳಗೇ ಬರುತ್ತದೆ. ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚುವ ಫೋನುಗಳಲ್ಲಿ ಅದಕ್ಕೆ ವಿನಾಯಿತಿ ಕೊಡಬೇಕು.

ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ, ದೋಷ ಹುಡುಕುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಕೇಬಲ್ ಹಾಕಿದ ಕಾರ್‌ಪ್ಲೇಯಲ್ಲಿ ಕರೆಯ ದನಿಯೂ ಕೇಬಲ್‌ನಲ್ಲೇ ಸಾಗುತ್ತದೆ. ಆಂಡ್ರಾಯ್ಡ್ ಆಟೊದಲ್ಲಿ ಮ್ಯಾಪು, ಹಾಡು ಕೇಬಲ್‌ನಲ್ಲಿ ಬಂದರೂ ಕರೆಯ ದನಿ ಬ್ಲೂಟೂತ್ ಮೂಲಕವೇ ಹೋಗುತ್ತದೆ. ಹೀಗಾಗಿ ಮ್ಯಾಪು ಸೊಗಸಾಗಿ ಓಡುತ್ತಿದ್ದು ಕರೆ ಮಾತ್ರ ಕೈಕೊಟ್ಟರೆ, ಆಂಡ್ರಾಯ್ಡ್ ಬಳಸುವವರು ಕೇಬಲ್ ಬಿಟ್ಟು ಬ್ಲೂಟೂತ್ ಪಟ್ಟಿಯನ್ನು ನೋಡಬೇಕು. ಕೇಬಲ್ ಇಲ್ಲದೆ ಬಳಸುವಾಗ ಎರಡೂ ವ್ಯವಸ್ಥೆಗಳು ಬ್ಲೂಟೂತ್‌ನಲ್ಲಿ ಪರಿಚಯ ಮಾಡಿಕೊಂಡು, ಪರದೆಯ ಚಿತ್ರವನ್ನು ವೈಫೈ ಮೂಲಕ ಕಳಿಸುತ್ತವೆ. ಆದ್ದರಿಂದ ವೈಫೈ ಆಫ್ ಆಗಿರಬಾರದು. ಫೋನಿನ ಹಾಟ್‌ಸ್ಪಾಟ್ ಅಥವಾ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ದಾರಿಯಲ್ಲಿ ಸಾಗಿಸುವ ಏರ್ಪಾಡು) ಚಾಲೂ ಇದ್ದರೆ ತೊಡಕಾಗುವುದುಂಟು, ಆರಿಸಿ ನೋಡಿ.

ಕನ್ನಡದ ಹೆಸರುಗಳು ಚೌಕಗಳಾಗಿ ಕಂಡರೆ

ಫೋನಿನಲ್ಲಿ ಅಮ್ಮ, ಚಿಕ್ಕಪ್ಪ, ಹಾಲಿನವರು ಎಂದು ಕನ್ನಡದಲ್ಲೇ ಬರೆದಿಟ್ಟುಕೊಂಡವರಿಗೆ ಕಾರಿನ ಪರದೆಯಲ್ಲಿ ಸಾಲುಸಾಲು ಖಾಲಿ ಚೌಕಗಳು ಕಾಣಿಸಬಹುದು. ಹೆಸರುಗಳು ಸರಿಯಾಗಿಯೇ ಬಂದಿರುತ್ತವೆ, ಅವನ್ನು ಬರೆದು ತೋರಿಸಲು ಬೇಕಾದ ಕನ್ನಡ ಅಕ್ಷರಗಳು ಕಾರಿನ ಸಿಸ್ಟಮ್‌ನಲ್ಲಿ ಇರುವುದಿಲ್ಲ. ಮತ್ತೆ ಜೋಡಿಸಿದರೆ ಇದು ಹೋಗದು. ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಬಳಸಿದರೆ ಪರದೆಯ ಚಿತ್ರವನ್ನು ಫೋನೇ ಬರೆದು ಕಳಿಸುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಆ ಸೌಲಭ್ಯವಿಲ್ಲದ ಕಾರಿನಲ್ಲಿ, ಕಾರಿನಿಂದ ಆಗಾಗ ಕರೆ ಮಾಡುವ ನಾಲ್ಕಾರು ಹೆಸರುಗಳನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವುದು ಸದ್ಯದ ದಾರಿ. ಕನ್ನಡ ನಾಡಿನಲ್ಲಿ ಮಾರುವ ಕಾರಿನ ಪರದೆಗೆ ಕನ್ನಡ ಓದಲು ಬರಬೇಕೆಂದು, ಕಾರು ಸರ್ವೀಸಿಗೆ ಬಿಡುವಾಗ ದೂರಿನ ಹಾಳೆಯಲ್ಲಿ ಬರೆಸುವುದನ್ನು ನಾನು ಬಿಟ್ಟಿಲ್ಲ. ನೀವೂ ಬರೆಸಿ.

ಇಷ್ಟಾದರೂ ಸರಿಹೋಗದಿದ್ದಾಗ

ಫೋನಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಬಹುದು. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೂ ಅದರೊಂದಿಗೆ ಅಳಿಸಿಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಕಾರಿನ ಸಿಸ್ಟಮ್‌ನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಕೊನೆಯ ಹೆಜ್ಜೆಯಾಗಿರಲಿ. ಬ್ಯಾಟರಿಯ ತಂತಿ ಕಳಚುವ ಸಲಹೆಯನ್ನು ನಾನು ಕೊಡುವುದಿಲ್ಲ, ಕೆಲವು ಸಿಸ್ಟಮ್‌ಗಳು ಆಮೇಲೆ ಕೋಡ್ ಕೇಳಿ ಪೂರ್ತಿ ನಿಂತುಬಿಡುತ್ತವೆ.

ಸರ್ವೀಸ್ ಸೆಂಟರಿಗೆ ಹೋಗುವ ಮುನ್ನ ಎರಡು ಪರೀಕ್ಷೆ ಮಾಡಿಕೊಂಡು ಹೋಗಿ: ನಿಮ್ಮ ಫೋನನ್ನು ಇನ್ನೊಬ್ಬರ ಕಾರಿಗೆ, ಇನ್ನೊಬ್ಬರ ಫೋನನ್ನು ನಿಮ್ಮ ಕಾರಿಗೆ ಜೋಡಿಸಿ ನೋಡುವುದು. ನಿಮ್ಮ ಫೋನ್ ಬೇರೆ ಕಾರಿನಲ್ಲಿ ಸರಿಯಿದ್ದು, ಬೇರೆ ಫೋನೂ ನಿಮ್ಮ ಕಾರಿನಲ್ಲಿ ಕೈಕೊಟ್ಟರೆ ದೋಷ ಕಾರಿನದ್ದು. ಫೋನಿನ ಮಾದರಿ, ಅದರ ಸಾಫ್ಟ್‌ವೇರ್ ಆವೃತ್ತಿ, ಕಾರಿನ ಪರದೆಯ 'ಅಬೌಟ್' ಪುಟದಲ್ಲಿರುವ ಆವೃತ್ತಿಯ ಸಂಖ್ಯೆ, ಮೇಲಿನ ಪರೀಕ್ಷೆಗಳಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಡಿ, ಮತ್ತು ಕಾರನ್ನು ಹಿಂದಕ್ಕೆ ಪಡೆಯುವಾಗ ಅಲ್ಲೇ ನಿಂತು ಮನೆಗೊಂದು ಕರೆ ಮಾಡಿ ನೋಡಿಕೊಂಡೇ ಸಹಿ ಹಾಕಿ.